ನಮ್ಮ ಟೀವಿ ಅತ್ತೆಯವರನ್ನು ಕೇಳಿದ ಪ್ರಶ್ನೆ

ಕಿವಿಗೊಡಿರಿ, ಪ್ರಿಯ ಬಂಧುಗಳೇ! ಕೈಯಲ್ಲಿರುವ ಕೆಲಸವನ್ನು ಒಂದು ಗಳಿಗೆ ಬದಿಗಿಟ್ಟು, ಮೊಬೈಲನ್ನು ಬೋರಲು ಮಲಗಿಸಿ, ಈ ಬಡ ಪ್ರವಚನಕಾರನ ಮಾತನ್ನು ಆಲಿಸಿರಿ. ವಾರಕ್ಕೊಮ್ಮೆ ಪ್ರಾರ್ಥನಾ ಮಂದಿರದ ವೇದಿಕೆಯ ಮೇಲೆ ನಿಂತು ಪರರ ತಪ್ಪುಗಳನ್ನು ಎಳೆ ಎಳೆಯಾಗಿ ಬಿಡಿಸಿ ತೋರಿಸುವ ನಾನು, ಇಂದು ನನ್ನದೇ ಮನೆಯ ಒಂದು ಪ್ರಸಂಗವನ್ನು ನಿಮ್ಮೆದುರು ಹರವಿ ಕುಳಿತಿದ್ದೇನೆ. ನಗಬೇಕೆನಿಸಿದರೆ ಧಾರಾಳವಾಗಿ ನಗಿರಿ. ನಡುವೆ ಎಲ್ಲಾದರೂ ಬೆನ್ನಿನಲ್ಲಿ ಚಳಿ ಹರಿದರೆ, ಹೆದರದೆ ಪಕ್ಕದಲ್ಲಿರುವವರ ಕೈ ಹಿಡಿದುಕೊಳ್ಳಿರಿ. ನಾನೂ ಹಾಗೆಯೇ ಮಾಡಬೇಕಾಗಿತ್ತು.

ಹೊಟ್ಟೆಪಾಡಿಗೆ ನಾನು ತಕ್ಕಡಿ ದುರಸ್ತಿ ಮಾಡುವವನು. ಅಂಗಡಿಯ ತಕ್ಕಡಿ ಕೂದಲೆಳೆಯಷ್ಟು ವಾಲಿದರೂ ದೂರದಿಂದಲೇ ಕಂಡುಹಿಡಿಯಬಲ್ಲೆ. ಇಂಥ ನನ್ನ ಕಣ್ಣಿಗೆ ನನ್ನ ಮನೆಯೇ ವಾಲಿರುವುದು ಒಂದು ಸಂಜೆ ಕಾಣಿಸಿತು! ಹಿಂದಿನ ಕೋಣೆಯಲ್ಲಿ ಶಾಲೆಯ ಸಮವಸ್ತ್ರ ಹೊಲಿಯುವ ನನ್ನ ಹೆಂಡತಿ, ನೂಲಿನ ಡಬ್ಬಿಗೆ ಮೊಬೈಲನ್ನು ಒರಗಿಸಿಕೊಂಡು ಅದರಲ್ಲಿ ಯಾರೋ ಜಗಳವಾಡುವುದನ್ನು ನೋಡುತ್ತಿದ್ದಳು. ಪ್ರಯೋಗಾಲಯದ ಕೆಲಸ ಕಲಿಯುತ್ತಿರುವ ಮಗಳು ಕಿವಿಗೆ ಇಯರ್‌ಫೋನಿನ ಬಿರಡೆ ಹಾಕಿಕೊಂಡು ಲ್ಯಾಪ್‌ಟಾಪಿನೊಳಗೆ ಮುಳುಗಿದ್ದಳು. ಹಜಾರದಲ್ಲಿ ನಮ್ಮ ಅತ್ತೆಯವರು, ಅಂದರೆ ನನ್ನ ಹೆಂಡತಿಯ ತಾಯಿ, ಹಳೆಯ ಟೀವಿಯ ಮುಂದೆ ಒಬ್ಬರೇ ಕುಳಿತಿದ್ದರು. ನಾನು? ಊಟದ ಮೇಜಿನ ಬಳಿ ನನ್ನದೇ ಹಳೆಯ ಪ್ರವಚನವನ್ನು ಮೊಬೈಲಿನಲ್ಲಿ ಕೇಳುತ್ತ ತಲೆದೂಗುತ್ತಿದ್ದೆ. ಒಂದು ಸೂರು, ನಾಲ್ಕು ಪರದೆ, ನಾಲ್ಕು ಬೆನ್ನು!

ಆ ವಾರ ವೇದಿಕೆಯ ಮೇಲೆ ನಿಂತು ಘೋಷಿಸಿಯೇ ಬಿಟ್ಟೆ: "ಬಂಧುಗಳೇ! ಅಂತರಜಾಲವೆಂಬ ಹೊಸ ನದಿಯನ್ನೂ ದೂರದರ್ಶನವೆಂಬ ಹಳೆಯ ಕೆರೆಯನ್ನೂ ನನ್ನ ಮನೆಯಲ್ಲಿ ನಾನು ಒಂದುಗೂಡಿಸುವೆನು! ನನ್ನ ಕುಟುಂಬವು ಒಂದೇ ಪರದೆಯ ಮುಂದೆ, ಒಂದೇ ಮನಸ್ಸಿನಿಂದ ಕುಳಿತುಕೊಳ್ಳುವುದು! ಬಂದು ನೋಡಿರಿ!"

ಸಭೆ ಮೆಚ್ಚಿ ತಲೆಯಾಡಿಸಿತು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಗಂಟೆಯಜ್ಜ ಕೂಡ ತಲೆಯಾಡಿಸಿದರು. ಮಂದಿರದ ಗಂಟೆ ಬಾರಿಸುವ ಈ ಹಿರಿಯರು ಪ್ರವಚನದ ವೇಳೆ ಸದಾ ತಲೆಯಾಡಿಸುತ್ತಾರೆ. ಅದು ಮೆಚ್ಚುಗೆಯೋ ತೂಕಡಿಕೆಯೋ ಎಂಬುದು ಇಂದಿಗೂ ಇತ್ಯರ್ಥವಾಗಿಲ್ಲ.

ಟೀವಿ ಅಂಗಡಿಯವನು, ಟೀವಿಗೆ ಅಂತರಜಾಲವನ್ನು ತರುವ ಬೆರಳುದ್ದದ ಒಂದು ಕಡ್ಡಿಯನ್ನೂ ಒಂದು ಪುಟ್ಟ ರಿಮೋಟನ್ನೂ ಕೊಟ್ಟ. "ಕಡ್ಡೀನ ಟೀವಿ ಹಿಂದೆ ಸಿಕ್ಸಿ ಸಾರ್, ಪ್ರಪಂಚ ಮುಂದೆ ಬರತ್ತೆ. ಈ ರಿಮೋಟಲ್ಲಿ..." ಎಂದು ಇನ್ನೂ ಏನನ್ನೋ ವಿವರಿಸಲು ಬಾಯಿ ತೆರೆದನು. ತಕ್ಕಡಿಯ ಅಂತರಾತ್ಮವನ್ನೇ ಬಲ್ಲ ನನಗೆ ಕಡ್ಡಿಯ ಬಗ್ಗೆ ಪಾಠವೇ? "ಗೊತ್ತಪ್ಪಾ, ಗೊತ್ತು" ಎಂದು ಹೊರಟುಬಂದೆ. ಬಂಧುಗಳೇ, ಆ ಅರ್ಧ ವಾಕ್ಯವನ್ನು ಕೇಳಿಸಿಕೊಂಡಿದ್ದರೆ ಈ ಬರಹವೇ ಹುಟ್ಟುತ್ತಿರಲಿಲ್ಲ!

ಮನೆಗೆ ಬಂದು ಕಡ್ಡಿಯನ್ನು ಸಿಕ್ಕಿಸಿದೆ. ಪರದೆಯ ಮೇಲೆ ಬಣ್ಣ ಬಣ್ಣದ ಚೌಕಗಳು ಮೂಡಿದವು. ನಾನು ಎದೆಯುಬ್ಬಿಸಿ ತಿರುಗಿದಾಗ ಅತ್ತೆಯವರು ಕೇಳಿದ್ದು ಒಂದೇ ಮಾತು.

"ಅಳಿಯಂದ್ರೇ, ಹವಾಮಾನ ಎಲ್ಲಿ?"

ಇದಕ್ಕೊಂದು ಹಿನ್ನೆಲೆಯಿದೆ. ನನ್ನ ಮಾವನವರು ದೋಣಿ ನಡೆಸುವವರಾಗಿದ್ದರು. ನದಿಯು ಕಡಲನ್ನು ಸೇರುವಲ್ಲಿ ಜನರನ್ನು ಆಚೆ ದಡಕ್ಕೆ ದಾಟಿಸುತ್ತಿದ್ದರು. ಸಂಜೆಯ ಹವಾಮಾನ ವರದಿಯನ್ನು ಗಂಡ ಹೆಂಡತಿ ಜೊತೆಯಾಗಿ ನೋಡಿ, ಮರುದಿನದ ಗಾಳಿ ಎತ್ತ ಬೀಸುವುದೆಂದು ಚರ್ಚಿಸುತ್ತಿದ್ದರಂತೆ. ಮಾವನವರು ತೀರಿಹೋದ ಮೇಲೂ ಅತ್ತೆಯವರು ಆ ವರದಿಯನ್ನು ತಪ್ಪಿಸಿದವರಲ್ಲ. ಅದು ಮುಗಿದ ಮೇಲೆ, "ನಾಳೆ ಗಾಳಿ ಜೋರಂತೆ" ಎಂದು ಮೆಲ್ಲಗೆ ಗಾಳಿಗೇ ಹೇಳಿ ಎದ್ದುಹೋಗುತ್ತಿದ್ದರು.

"ಹವಾಮಾನ ಇಲ್ಲೇ ಎಲ್ಲೋ ಇದೆ ಅತ್ತೆ. ಹುಡುಕಿಕೊಡ್ತೀನಿ" ಎಂದೆ. ಹುಡುಕಿದೆ. ಬೇರೆ ಬೇರೆ ದೇಶಗಳ ಹವಾಮಾನವೆಲ್ಲ ಸಿಕ್ಕಿತು. ಅತ್ತೆಯವರ ಹಳೆಯ ಚಾನೆಲ್ಲು ಮಾತ್ರ ಆ ಚೌಕಗಳ ಹಿಂದೆ ಎಲ್ಲೋ ಹೂತುಹೋಗಿತ್ತು.

"ಇರಲಿ ಬಿಡಿ" ಎಂದು ಅವರು ತಮ್ಮ ಕೋಣೆಗೆ ಹೋದರು. ಆ 'ಇರಲಿ ಬಿಡಿ'ಯ ತೂಕವನ್ನು ತಕ್ಕಡಿಯವನಾದ ನಾನು ಅಂದು ಅಳೆಯಲಿಲ್ಲ.

ಇನ್ನು ನನ್ನದೊಂದು ಅಭ್ಯಾಸವನ್ನು ಹೇಳಬೇಕು. ಪ್ರವಚನಕ್ಕೆ ಮೊದಲು ಮಧ್ಯಾಹ್ನಗಳಲ್ಲಿ ಮನೆಯಲ್ಲೇ ತಾಲೀಮು ನಡೆಸುತ್ತೇನೆ. ಆರಿಸಿದ ಟೀವಿಯ ಕಪ್ಪು ಗಾಜಿನಲ್ಲಿ ನನ್ನ ಆಕೃತಿ ಗಂಭೀರವಾಗಿ ಕಾಣುವುದರಿಂದ ಅದರೆದುರೇ ನಿಲ್ಲುವುದು ರೂಢಿ. ಭಕ್ತಿ ಉಕ್ಕಿ ಬಂದಾಗ ಕಣ್ಣು ಮುಚ್ಚಿಕೊಳ್ಳುತ್ತೇನೆ. ಕೈಯಲ್ಲಿ ಮೈಕಿನ ಬದಲು ಅಡುಗೆಮನೆಯ ಸೌಟು. ಈ ಸೌಟಿನ ಕುರಿತು ನಮ್ಮ ದಾಂಪತ್ಯದಲ್ಲಿ ಬಹುಕಾಲದ ವ್ಯಾಜ್ಯವಿದೆ.

"ರೀ, ಸೌಟು ಎಲ್ಲಿ?"

"ದೇವರ ಕೆಲಸದಲ್ಲಿದೆ ಕಣೇ!"

"ಹಾಗಾದ್ರೆ ಇವತ್ತು ದೇವರೇ ಬಂದು ಬಡಿಸ್ಲಿ!"

ಈಗ ಹೊಸ ರಿಮೋಟು ಬಂದಿತಲ್ಲ! ಅದು ನನ್ನ ಮುಷ್ಟಿಗೆಂದೇ ಎರಕ ಹೊಯ್ದಂತಿತ್ತು. ಸೌಟನ್ನು ಸಕಲ ಗೌರವಗಳೊಡನೆ ಅಡುಗೆಮನೆಗೆ ಹಿಂದಿರುಗಿಸಿ, ರಿಮೋಟನ್ನು ಬಾಯ ಬಳಿ ಹಿಡಿದು ನಿಂತೆ.

ಆ ವಾರದ ವಿಷಯ 'ಕಾಣದ ಲೋಕ'. ಮಧ್ಯಾಹ್ನವಾದರೂ ಮೋಡ ಕವಿದು ಹಜಾರ ಮಬ್ಬಾಗಿತ್ತು. ಹೆಂಡತಿ ಬಟ್ಟೆ ತಲುಪಿಸಲು ಹೋಗಿದ್ದಳು, ಮಗಳು ಪ್ರಯೋಗಾಲಯದಲ್ಲಿದ್ದಳು, ಅತ್ತೆಯವರು ಮಲಗಿದ್ದರು. ನಾನು ಕಣ್ಣು ಮುಚ್ಚಿ, ಕೈಯನ್ನು ಬಿಗಿಹಿಡಿದು ಮೊಳಗಿದೆ: "ಓ ಕಾಣದ ಲೋಕದವನೇ! ನಿನ್ನ ಮುಖವನ್ನು ತೋರಿಸು!"

ಮುಚ್ಚಿದ ರೆಪ್ಪೆಗಳ ಮೇಲೆ ಬೆಳಕು ಬಿದ್ದಿತು.

ಕಣ್ಣು ತೆರೆದೆ. ಆರಿದ್ದ ಟೀವಿ ಹೊತ್ತಿಕೊಂಡಿತ್ತು. ಪರದೆಯ ತುಂಬ ಒಂದು ಮುಖ! ಯಾರೋ ಮುದುಕ. ಕಣ್ಣು ಪಿಳುಕಿಸುತ್ತಿಲ್ಲ, ಬಾಯಿ ತೆರೆಯುತ್ತಿಲ್ಲ, ನನ್ನನ್ನೇ ನೋಡುತ್ತಿದ್ದಾನೆ. ಎಷ್ಟೋ ವರ್ಷಗಳಿಂದ ವೇದಿಕೆಯ ಮೇಲೆ ಕಾಣದ ಲೋಕವನ್ನು ಕರೆಯುತ್ತಲೇ ಬಂದಿದ್ದೇನೆ, ಅದು ಓಗೊಟ್ಟದ್ದು ಅದೇ ಮೊದಲು! ಭಕ್ತನಾದವನು ಆಗ ಏನು ಮಾಡಬೇಕು? ಮಂಡಿಯೂರಬೇಕು. ನಾನು ಗೋಡೆಯ ಸ್ವಿಚ್ಚನ್ನು ಆರಿಸಿದೆ.

ಯಾರಿಗೂ ಹೇಳಲಿಲ್ಲ. ಮರುದಿನ ಧೈರ್ಯ ತಂದುಕೊಂಡು, ಗೋಡೆಯ ಸ್ವಿಚ್ಚು ಹಾಕಿ ಮತ್ತೆ ನಿಂತೆ. ಪ್ರವಚನದ ಎರಡನೆಯ ಭಾಗ: "ಅಗಲಿದವರನ್ನು ನಾವು ಕೇಳುತ್ತೇವೆ, ನನ್ನ ಧ್ವನಿ ನಿಮಗೆ ಕೇಳಿಸುತ್ತಿದೆಯೇ?"

"ಹೌದು. ಕೇಳಿಸುತ್ತಿದೆ."

ಹೆಣ್ಣು ಧ್ವನಿ, ಬಂಧುಗಳೇ! ಶಾಂತವಾದ, ಉಸಿರೇ ಇಲ್ಲದ ಧ್ವನಿ! ಅಡುಗೆಮನೆಗೆ ಹೇಗೆ ತಲುಪಿದೆನೋ ತಿಳಿಯದು. ಅಂದು ಬಟ್ಟೆ ತಲುಪಿಸಿ ಬೇಗ ಮನೆಗೆ ಬಂದ ಹೆಂಡತಿಗೆ ನಾನು ಪಾತ್ರೆಗಳ ನಡುವೆ, ಸೌಟನ್ನು ಎದೆಗವಚಿಕೊಂಡು ನಿಂತಿದ್ದು ಕಾಣಿಸಿತು.

"ಏನ್ರೀ ಇದು? ಹಳೇ ಪ್ರೀತಿ ಮರುಕಳಿಸ್ತಾ?"

"ಮನೆಯಲ್ಲಿ... ಯಾರೋ ಇದಾರೆ ಕಣೇ."

"ಇದಾರೆ. ನಾನು, ನಮ್ಮಮ್ಮ, ನಿಮ್ಮ ಮಗಳು. ನೀವು ಈಗ ತಾನೇ ಗಮನಿಸಿದ್ರಿ ಅನ್ಸತ್ತೆ."

ಪ್ರವಚನದ ದಿನ ಹತ್ತಿರವಾಗುತ್ತಿತ್ತು, ಕೊನೆಯ ಭಾಗ ಬಾಕಿಯಿತ್ತು. ಮರುದಿನ ಮಧ್ಯಾಹ್ನ ದೇವರ ಮೇಲೆ ಭಾರ ಹಾಕಿ ನಿಂತೆ. ಆ ಭಾಗದಲ್ಲಿ ನನ್ನ ಅತ್ಯಂತ ಪ್ರಿಯವಾದ ಸಾಲೊಂದಿದೆ. ರಿಮೋಟನ್ನು ಬಿಗಿಹಿಡಿದು, ಕಣ್ಣು ಮುಚ್ಚಿ ಅದನ್ನು ಹೇಳಿದೆ: "ಕತ್ತಲ ನೀರಿನ ಮೇಲೊಂದು ದೋಣಿ ಬರುತ್ತಿದೆ. ದೋಣಿಯಲ್ಲೊಂದು ದೀಪ..."

ಮತ್ತೆ ರೆಪ್ಪೆಯ ಮೇಲೆ ಬೆಳಕು. ತೆರೆದು ನೋಡಿದರೆ ಪರದೆಯಲ್ಲಿ ಕಪ್ಪು ನೀರು ಅಲುಗುತ್ತಿತ್ತು. ಹುಟ್ಟಿನ ಸದ್ದು ಕೇಳುತ್ತಿತ್ತು. ಒಂದು ದೋಣಿ ನಮ್ಮ ಹಜಾರದತ್ತ ಮೆಲ್ಲಗೆ ಬರುತ್ತಿತ್ತು. ಅದರ ಮೂತಿಯಲ್ಲಿ ನಿಂತ ಯಾರೋ ದೀಪವನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಬೀಸಿದರು.

ನನ್ನ ಬೆನ್ನ ಹಿಂದೆ, ಬಾಗಿಲಿನಿಂದ, ಒಂದು ಮಾತು ಕೇಳಿತು.

"ಬಂದ್ರಾ?"

ಅತ್ತೆಯವರು! ನನ್ನನ್ನು ಕೇಳಿದ್ದಲ್ಲ. ಅವರು ಪರದೆಯನ್ನೇ ನೋಡುತ್ತ ಬಂದು ತಮ್ಮ ಕುರ್ಚಿಯಲ್ಲಿ ಕುಳಿತರು. "ದೀಪ ಹಾಗೇ ಬೀಸ್ತಿದ್ರು ಅಳಿಯಂದ್ರೇ. ದಡದಲ್ಲಿ ನಾನು ನಿಂತಿದ್ರೆ, ಎಡಕ್ಕೊಂದು ಬಲಕ್ಕೊಂದು. ಬಂದೆ ಅಂತ" ಎಂದರು. ಮುಖದಲ್ಲಿ ಭಯದ ಸುಳಿವೇ ಇರಲಿಲ್ಲ. ಭಯವನ್ನೆಲ್ಲ ಮನೆಯ ಲೆಕ್ಕದಲ್ಲಿ ನಾನೊಬ್ಬನೇ ವಹಿಸಿಕೊಂಡಿದ್ದೆ. "ಅಂಗಡಿಯಲ್ಲಿ ತುರ್ತು ಕೆಲಸ" ಎಂದು ರಿಮೋಟನ್ನು ಮೇಜಿನ ಮೇಲೆಸೆದು ಓಡಿದೆ. ವೃದ್ಧೆಯೊಬ್ಬರನ್ನು ಕಾಣದ ಲೋಕದ ಎದುರು ಒಬ್ಬರನ್ನೇ ಬಿಟ್ಟು ಓಡಿದ ಈ ಧೀರನು, ಬಂಧುಗಳೇ, ನಿಮ್ಮ ಪ್ರವಚನಕಾರನು!

ಮುಸ್ಸಂಜೆಗೆ ಹೆಂಡತಿಯೂ ನಾನೂ ಒಟ್ಟಿಗೇ ಮನೆ ಸೇರಿದೆವು. ದೀಪ ಹಚ್ಚಿರಲಿಲ್ಲ. ಹಜಾರದಲ್ಲಿ ಪರದೆಯ ಬೆಳಕೊಂದೇ ಇತ್ತು, ಅದರಲ್ಲಿ ಅತ್ತೆಯವರ ಬಿಳಿಗೂದಲು ನೀಲಿಯಾಗಿ ಹೊಳೆಯುತ್ತಿತ್ತು. ದೋಣಿ ಎಲ್ಲೋ ಹೋಗಿತ್ತು. ಪರದೆ ಪೂರ್ತಿ ಕಪ್ಪು. ಅದರ ನಡುವೆ ದೊಡ್ಡ ಬಿಳಿಯ ಅಕ್ಷರಗಳು:

ನೀವು ಇನ್ನೂ ಇದ್ದೀರಾ?

ಅದರ ಕೆಳಗೆ ಎರಡು ಚೌಕ. ಒಂದರಲ್ಲಿ 'ಮುಂದುವರಿಯಿರಿ'. ಇನ್ನೊಂದರಲ್ಲಿ 'ನಿರ್ಗಮಿಸಿ'.

ಅತ್ತೆಯವರು ಬಹಳ ಸಹಜವಾಗಿ ಉತ್ತರಿಸುತ್ತಿದ್ದರು: "ಇದೀನಿ. ಇನ್ನೂ ಇದೀನಿ. ಎಲ್ಲಿಗೆ ಹೋಗ್ಲಿ ಹೇಳಿ?"

ನನ್ನ ಹೆಂಡತಿ ಗಕ್ಕನೆ ದೀಪ ಹಚ್ಚಿದಳು, ಟೀವಿ ಆರಿಸಿದಳು. ಆದರೆ ಆಗಬೇಕಾದದ್ದು ಆಗಿಹೋಗಿತ್ತು. ಅತ್ತೆಯವರು ಎದ್ದು ನಿಂತು, ನಾಳೆಯ ಗಾಳಿಯ ಸುದ್ದಿ ಹೇಳುವಷ್ಟೇ ನಿರಾಳವಾಗಿ ಹೇಳಿದರು: "ಅವರು ಬಂದು ಕೇಳಿದ್ರು ಕಣೇ. ಇರ್ತೀಯೋ ಹೊರಡ್ತೀಯೋ ಅಂತ. ನಾನು ಹೊರಡ್ತೀನಿ."

ಅಂದಿನಿಂದ ಅವರ ಸಿದ್ಧತೆ ನೋಡಬೇಕಿತ್ತು! ತಮ್ಮ ಉಣ್ಣೆಯ ಶಾಲನ್ನು ಮೊಮ್ಮಗಳಿಗೆ ಹೊದಿಸಿದರು. ಚಿಮಟ, ಸೂಜಿ, ಕನ್ನಡಕದ ಹಳೆಯ ಗೂಡು ಎಲ್ಲವನ್ನೂ ಮಗಳ ಹೊಲಿಗೆ ಯಂತ್ರದ ಮೇಲಿಟ್ಟರು. ನನಗೆ ಮಾವನವರ, ಗಾಳಿಯ ದಿಕ್ಕು ತೋರಿಸುವ ತಗಡಿನ ಕೋಳಿ ಸಿಕ್ಕಿತು. ಊಟ ಅರ್ಧಕ್ಕಿಳಿಯಿತು, ಆಮೇಲೆ ಬರಿಯ ಹಾಲಿಗಿಳಿಯಿತು, ಕೊನೆಗೆ ಅದೂ ಬೇಡವೆಂದರು. ಒಳ್ಳೆಯ ಬಟ್ಟೆ ಉಟ್ಟು, ಕೈ ಕಟ್ಟಿ, ದೋಣಿಗೆ ಕಾಯುವವರಂತೆ ಮಂಚದ ಅಂಚಿನಲ್ಲಿ ಕುಳಿತರು. ಬಂದ ವೈದ್ಯರು ನಾಡಿ ಹಿಡಿದು ನೋಡಿ, "ಕಾಯಿಲೆ ಏನೂ ಇಲ್ಲ. ಆದ್ರೆ ಹೀಗೇ ತಿನ್ನದೇ ಕೂತ್ರೆ ಉಳಿಯಲ್ಲ" ಎಂದು ನನ್ನನ್ನು ದುರುಗುಟ್ಟಿ ನೋಡಿ ಹೋದರು.

ಹೆಂಡತಿ ನನ್ನನ್ನು ಅಡುಗೆಮನೆಗೆ ಎಳೆದೊಯ್ದಳು. ಅವಳ ಕಣ್ಣು ತುಂಬಿತ್ತು, ಧ್ವನಿ ಮಾತ್ರ ಕತ್ತರಿಯಂತಿತ್ತು. "ಸಾಯೋದು ಒಳ್ಳೇದು, ಆಚೆ ದಡ ಸುಂದರ ಅಂತ ವಾರವಾರ ಹೇಳ್ತೀರಲ್ಲ! ನಮ್ಮಮ್ಮ ನಂಬಿಬಿಟ್ಟಿದಾರೆ. ಈಗ ಹೋಗಿ ಬೇಡ ಅಂತ ಹೇಳಿ."

"ಹೇಳಿದೆ ಕಣೇ. 'ನೀವೇ ತಾನೇ ಹೇಳಿದ್ದು ಅಳಿಯಂದ್ರೇ' ಅಂದ್ರು."

"ಹಾಗಾದ್ರೆ ಆ ಕಡ್ಡೀಲಿ ಏನು ಸೇರ್ಕೊಂಡಿದೆಯೋ ಅದನ್ನ ಓಡಿಸಿ. ನಮ್ಮಮ್ಮ ನನಗೆ ಬೇಕು. ತಿಳೀತಾ?"

ಬೇಕು. ನನಗೂ ಬೇಕಾಗಿದ್ದರು. ನಾನು ಎಷ್ಟೇ ದೀರ್ಘವಾಗಿ ಮಾತಾಡಿದರೂ ಕೊನೆಯವರೆಗೂ ಎಚ್ಚರವಿದ್ದು ಕೇಳುವ ಜೀವ ಲೋಕದಲ್ಲಿ ಅವರೊಬ್ಬರೇ.

ಗಂಟೆಯಜ್ಜನವರನ್ನು ಕರೆಸಿದೆ. ಸಂಜೆ ಅವರು ಕೈಗಂಟೆಯೊಡನೆ ಬಂದು ಹಜಾರದಲ್ಲಿ ಕುಳಿತರು. ಅತ್ತೆಯವರನ್ನೂ ಕೈಹಿಡಿದು ಕರೆತಂದೆವು. ಕೆಲವೇ ದಿನಗಳಲ್ಲಿ ಆ ಕೈ ಎಷ್ಟು ಹಗುರವಾಗಿತ್ತೆಂದರೆ, ತೂಕ ಬಲ್ಲವನಾದ ನಾನು ಅದನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡೆ. ಹೊರಗೆ ಗಾಳಿ ಎದ್ದಿತ್ತು, ಕಿಟಕಿಯ ಬಾಗಿಲು ತನ್ನಷ್ಟಕ್ಕೇ ಬಡಿದುಕೊಳ್ಳುತ್ತಿತ್ತು. ಆರಿದ ಪರದೆಯಲ್ಲಿ ನಮ್ಮೆಲ್ಲರ ನೆರಳು ಕಪ್ಪಗೆ ಕುಳಿತಿತ್ತು.

"ಪ್ರವಚನದೋರೇ, ಶುರು ಮಾಡಿ. ಎಲ್ರೂ ಕಣ್ಣು ಮುಚ್ಕೊಳ್ಳಿ" ಎಂದರು ಗಂಟೆಯಜ್ಜ.

ನಾನು ಎದ್ದು ನಿಂತೆ. ಅಭ್ಯಾಸಬಲದಿಂದ ಕೈ ತಾನಾಗಿಯೇ ರಿಮೋಟನ್ನು ಎತ್ತಿಕೊಂಡಿತು. ಕಣ್ಣು ಮುಚ್ಚಿ, ಮುಷ್ಟಿ ಬಿಗಿದು, ದೇವರ ಹೆಸರಿನಲ್ಲಿ ಗುಡುಗಿದೆ: "ನೀನು ಯಾರೇ ಆಗಿರು! ಈ ಮನೆಯನ್ನು ಖಾಲಿ ಮಾಡಿ ಹೊರಡು!"

ಟೀವಿ ಹೊತ್ತಿಕೊಂಡಿತು. ಕೈಗಂಟೆ ಕೆಳಗೆ ಬಿದ್ದು ಉರುಳಿತು. ಕಣ್ಣು ತೆರೆದರೆ ಪರದೆಯಲ್ಲಿ ನೀಲಿ ಅಂಗಿಯ ನಾಲ್ಕಾರು ಗಟ್ಟಿಗರು ಯಾರದೋ ಮನೆಯ ಮಂಚ, ಕುರ್ಚಿ, ಬೀರುಗಳನ್ನು ಲಾರಿಗೆ ತುಂಬುತ್ತಿದ್ದರು! 'ಮನೆ ಖಾಲಿ ಮಾಡಬೇಕೇ? ನಾವಿದ್ದೇವೆ!' ಎಂದು ಒಬ್ಬನು ನಗುತ್ತ ನನ್ನತ್ತ ಬೆರಳು ತೋರಿಸಿದನು.

"ಅಯ್ಯೋ ದೇವರೇ! ನಮ್ಮನ್ನೇ ಖಾಲಿ ಮಾಡಿಸ್ತಾ ಇದೆ!" ಎಂದು ಗಂಟೆಯಜ್ಜ ಕುರ್ಚಿಯ ಮೇಲೆ ಕಾಲೆತ್ತಿಕೊಂಡರು.

"ಶಾಂತಿ! ಶಾಂತಿ! ನಿದ್ರಿಸು, ಓ ಅಲೆಯುವ ಆತ್ಮವೇ!" ಎಂದು ಕಿರುಚಿದೆ. ಲಾರಿ ಮಾಯವಾಯಿತು. ತೊಟ್ಟಿಲ ಚಿತ್ರವೊಂದು ಮೂಡಿ, ಮಕ್ಕಳನ್ನು ಮಲಗಿಸುವ ಇಂಪಾದ ಸಂಗೀತ ಹೊಮ್ಮಿತು.

ಇಷ್ಟೂ ಹೊತ್ತು ಕಣ್ಣು ಮುಚ್ಚದಿದ್ದವಳು ಒಬ್ಬಳೇ, ನನ್ನ ಹೆಂಡತಿ. ಅವಳು ಟೀವಿಯನ್ನು ನೋಡುತ್ತಿರಲಿಲ್ಲ, ನನ್ನ ಕೈಯನ್ನು ನೋಡುತ್ತಿದ್ದಳು. ಸೌಟಿನ ವ್ಯಾಜ್ಯದಲ್ಲಿ ಪಳಗಿದ ಕಣ್ಣು ಅದು!

"ರೀ. ಹೆಬ್ಬೆರಳು ಎತ್ತಿ."

"ಏನು?"

"ಹೆಬ್ಬೆರಳು! ಅಲ್ಲೊಂದು ಗುಂಡಿ ಇದೆ, ಮೈಕಿನ ಚಿತ್ರ ಇರೋದು. ಅದನ್ನ ಅಮುಕಿಕೊಂಡು ಭಾಷಣ ಬಿಗೀತಿದೀರಿ. ಎತ್ತಿ. ಹ್ಞಾ, ಈಗ ಮಾತಾಡಿ."

ಎತ್ತಿದೆ, ಮಾತಾಡಿದೆ. ಟೀವಿ ಮಿಸುಕಲಿಲ್ಲ.

"ಈಗ ಒತ್ತಿ. 'ನಾನೊಬ್ಬ ದಡ್ಡ' ಅನ್ನಿ."

"ಇಷ್ಟು ಜನರ ಎದುರು..."

"ಅನ್ನಿ!"

"ನಾನೊಬ್ಬ ದಡ್ಡ."

ನನ್ನ ಮಾತು ಅಕ್ಷರ ಅಕ್ಷರವಾಗಿ ಪರದೆಯ ಮೇಲೆ ಮೂಡಿತು. ಉಸಿರಿಲ್ಲದ ಆ ಹೆಣ್ಣು ಧ್ವನಿ ಶಾಂತವಾಗಿ ನುಡಿಯಿತು: "ಈ ಬಗ್ಗೆ ನನಗೆ ಬಹಳಷ್ಟು ಸಿಕ್ಕಿದೆ."

ಅಂಗಡಿಯವನ ಅರ್ಧ ವಾಕ್ಯದ ಉಳಿದರ್ಧ ನನಗೆ ಆಗ ಹೊಳೆಯಿತು, ಬಂಧುಗಳೇ! ಈ ರಿಮೋಟಿನಲ್ಲಿ ಬಾಯಿಮಾತಲ್ಲಿ ಕೇಳಿದ್ದನ್ನು ಅದು ಅಂತರಜಾಲದಿಂದ ಹುಡುಕಿ ತಂದು ತೋರಿಸುತ್ತದೆ! ಮುಖ ತೋರಿಸೆಂದರೆ ಯಾವುದೋ ಮುಖ, ದೋಣಿಯೆಂದರೆ ದೋಣಿ. ಕಾಣದ ಲೋಕ ಓಗೊಟ್ಟಿರಲಿಲ್ಲ, ನನ್ನ ಹೆಬ್ಬೆರಳು ಓಗೊಟ್ಟಿತ್ತು. ಗಂಟೆಯಜ್ಜ ಕಾಲು ಕೆಳಗಿಳಿಸಿ, ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಆಗ ತಾನೇ ಒಳಬಂದ ಮಗಳೂ ವಿಷಯ ತಿಳಿದು ಬಾಗಿಲಿಗೊರಗಿ ನಕ್ಕಳು. ನಾನೂ ನಕ್ಕೆ, ಬೇರೆ ದಾರಿಯಿರಲಿಲ್ಲ.

ಅತ್ತೆಯವರು ಮಾತ್ರ ನಗಲಿಲ್ಲ.

"ಅದನ್ನೆಲ್ಲ ನೀವು ಕೇಳಿದ್ರಿ, ಅದು ತೋರಿಸ್ತು. ಸರಿ ಅಳಿಯಂದ್ರೇ. ಆದ್ರೆ ಆ ಸಂಜೆ ನೀವು ಇರಲೇ ಇಲ್ಲ. ನಾನು ಬಾಯಿ ಬಿಟ್ಟಿರಲಿಲ್ಲ. ಇನ್ನೂ ಇದ್ದೀರಾ ಅಂತ ಅದಾಗೇ ಕೇಳ್ತಲ್ಲ?"

ಮಗಳು ಅವರ ಪಕ್ಕ ಮಂಡಿಯೂರಿ ಕುಳಿತಳು. "ಅಜ್ಜಿ, ಅದು ಎಲ್ರನ್ನೂ ಕೇಳತ್ತೆ. ತುಂಬಾ ಹೊತ್ತು ಯಾರೂ ಏನೂ ಒತ್ತದೇ ಇದ್ರೆ, ನೋಡೋರು ಇದಾರೋ ಎದ್ದು ಹೋದ್ರೋ ಅಂತ ಕೇಳತ್ತೆ, ಅಷ್ಟೇ. ತಾತ ಅಲ್ಲ ಅಜ್ಜಿ."

ಅತ್ತೆಯವರು ಮೊಮ್ಮಗಳ ತಲೆ ಸವರಿದರು. ಗಾಳಿಗೆ ಕಿಟಕಿ ಮತ್ತೊಮ್ಮೆ ಬಡಿಯಿತು.

"ಅವರಲ್ಲ ಅಂತ ಆವತ್ತೇ ಅನ್ನಿಸಿತ್ತು ಮಗು" ಎಂದರು. "ಅವರು ನನ್ನನ್ನ 'ನೀವು' ಅಂತಿರಲಿಲ್ಲ. ಆದ್ರೂ ಹೊರಟೆ. ಯಾಕೆ ಗೊತ್ತಾ? ಇನ್ನೂ ಇದ್ದೀರಾ ಅಂತ ಈ ಮನೇಲಿ ನನ್ನ ಕೇಳಿದ್ದು ಅದೊಂದೇ."

ಬಂಧುಗಳೇ, ಆ ಮಾತು, ಪಿಳುಕಿಸದ ಮುಖಕ್ಕಿಂತಲೂ ಉಸಿರಿಲ್ಲದ ಧ್ವನಿಗಿಂತಲೂ ನನ್ನನ್ನು ಹೆಚ್ಚು ನಡುಗಿಸಿತು. ದೆವ್ವವಿಲ್ಲದ ಮನೆಯಲ್ಲಿ ಒಬ್ಬರನ್ನು ನಾವೇ ದೆವ್ವದಂತೆ ಬಾಳಿಸಿದ್ದೆವು. ಅಕ್ಕಪಕ್ಕ ಸುಳಿದಾಡುತ್ತಿದ್ದರು, ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಎಲ್ಲ ಪರದೆಗಳನ್ನು ಒಂದುಗೂಡಿಸಲು ಹೊರಟವನು ನಾನು, ಅವರಿಗಿದ್ದ ಒಂದೇ ಒಂದು ಹವಾಮಾನವನ್ನೂ ಕಸಿದುಕೊಂಡು, ನೋಡಲು ಬೇರೇನನ್ನೂ ಉಳಿಸಿರಲಿಲ್ಲ!

ನನ್ನ ಹೆಂಡತಿ ತಾಯಿಯ ಕೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು. ಮಗಳು ಹಳೆಯ ರಿಮೋಟನ್ನು ಹುಡುಕಿ ತಂದು, ಹಳೆಯ ಚಾನೆಲ್ಲಿಗೆ ಮರಳುವ ಗುಂಡಿಯ ಮೇಲೆ ಕೆಂಪು ಉಗುರುಬಣ್ಣದ ಬೊಟ್ಟಿಟ್ಟಳು. "ಇಲ್ಲೊತ್ತಿ ಅಜ್ಜಿ." ಒತ್ತಿದರು. ಹವಾಮಾನ ಬಂದಿತು. ನಾನು ಕುರ್ಚಿ ಎಳೆದುಕೊಂಡೆ, ಹೆಂಡತಿ ನೆಲದ ಮೇಲೆ ಕುಳಿತಳು, ಮಗಳು ಕಿವಿಯ ಬಿರಡೆ ಕಿತ್ತಿಟ್ಟಳು. ವೇದಿಕೆಯ ಮೇಲಿನ ನನ್ನ ಘೋಷಣೆ ಹೀಗೆ ಕಡ್ಡಿಯ ಹಂಗಿಲ್ಲದೆ ನೆರವೇರಿತು. ಗಂಟೆಯಜ್ಜ ತಲೆಯಾಡಿಸಿದರು. ಈ ಸಲ ಅದು ಮೆಚ್ಚುಗೆಯೇ, ಏಕೆಂದರೆ ಕಣ್ಣು ತೆರೆದಿತ್ತು.

ವರದಿ ಮುಗಿದ ಮೇಲೆ ಅತ್ತೆಯವರು, "ನಾಳೆ ಗಾಳಿ ಜೋರಂತೆ" ಎಂದರು. ಆಮೇಲೆ ನಮ್ಮತ್ತ ತಿರುಗಿ, "ಹಸಿವಾಗ್ತಿದೆ ಕಣೇ. ಬಡಿಸ್ತೀಯಾ?" ಎಂದರು.

"ಬಡಿಸ್ತೀನಮ್ಮಾ!" ಎಂದು ಹಾರಿ ಎದ್ದ ನನ್ನ ಹೆಂಡತಿ ಅಡುಗೆಮನೆಯಿಂದಲೇ ಕೂಗಿದಳು: "ರೀ! ಸೌಟೆಲ್ಲಿ?"

ಈಗ ಸಂಜೆಯ ಆ ಹೊತ್ತು ನಮ್ಮೆಲ್ಲರದು. ಕಡ್ಡಿಯೂ ಇದೆ. ಮಗಳು ಅದರಲ್ಲಿ ಆ ದೋಣಿಯನ್ನು ಅಜ್ಜಿಗಾಗಿ ಮತ್ತೆ ಹುಡುಕಿದಳು. ನನ್ನ ಸಾಲನ್ನೇ ನನ್ನ ಬಾಯಿಂದಲೇ ಮತ್ತೆ ಮತ್ತೆ ಹೇಳಿಸಿದಳು. ನೂರಾರು ದೋಣಿಗಳು ಬಂದವು. ದೀಪವನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಬೀಸಿದ ಆ ದೋಣಿ ಮಾತ್ರ ಇಂದಿನವರೆಗೆ ಸಿಕ್ಕಿಲ್ಲ. ಅದರ ಬಗ್ಗೆ ನಾನು ಪ್ರವಚನ ಮಾಡುವುದಿಲ್ಲ.

ಪ್ರಿಯ ಬಂಧುಗಳೇ, ನಿಮ್ಮಲ್ಲಿ ನನ್ನದೊಂದೇ ಬೇಡಿಕೆ. ಈಗಲೇ ಎದ್ದು ಪಕ್ಕದ ಕೋಣೆಗೆ ಹೋಗಿರಿ. ಅಲ್ಲಿ ಸುಮ್ಮನೆ ಕುಳಿತವರೊಬ್ಬರು ಇದ್ದೇ ಇರುತ್ತಾರೆ. ಇನ್ನೂ ಇದ್ದೀರಾ ಎಂದು ಟೀವಿ ಕೇಳುವ ಮೊದಲು ನೀವು ಕೇಳಿರಿ. ಕೇಳಿದ ಮೇಲೆ ಓಡಿಹೋಗದೆ, ಉತ್ತರ ಬರುವವರೆಗೂ ಅಲ್ಲಿಯೇ ಕುಳಿತಿರಿ. ಹೋಗುವಾಗ ಮರೆಯದೆ, ದಯವಿಟ್ಟು, ಮೊಬೈಲಿನ ಮೇಲಿಂದ ಹೆಬ್ಬೆರಳನ್ನು ಎತ್ತಿರಿ.